ಎರಡು ಸ್ಪ್ರಿಂಗು ಕಮ್ಮಿ ಇದ್ದ ಗಾಡಿ

ನಮ್ಮ ಗಾಡಿಯ ಕ್ಲಚ್ ಜಾರತೊಡಗಿದಾಗ ಅದಕ್ಕೆ ಕಾರಣ ಗೊತ್ತಿದ್ದವರು ಇಡೀ ವಾಡಿಯಲ್ಲಿ ಮೂರೇ ಜನ: ನಾನು, ನನ್ನ ಅತ್ತೆ ಮತ್ತು ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜ್ ಇಟ್ಟಿರುವ ಮಿಸ್ತ್ರಿ. ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಕಾರಣ ಗೊತ್ತಿಲ್ಲದವರು ಉಳಿದ ಊರೆಲ್ಲ. ಮಾತಾಡಿದವರು ಅವರೇ. ಅವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ನನ್ನ ಗಂಡನದು.

ನಮ್ಮವರು ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಾರೆ. ಫ್ಯಾಕ್ಟರಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹೀಗಾಗಿ ನಮ್ಮ ಮೋಟರ್‌ಸೈಕಲ್ಲು ವಾರವೆಲ್ಲ ಅಂಗಳದಲ್ಲಿ ಮೈತುಂಬ ಹೊದ್ದುಕೊಂಡು ನಿಂತಿರುತ್ತದೆ. ಧೂಳು ಬೀಳುತ್ತದೆಂದು ಗಾಡಿಗೊಂದು ಕವರು, ಕವರಿಗೆ ಧೂಳು ಬೀಳುತ್ತದೆಂದು ಅದರ ಮೇಲೊಂದು ನನ್ನ ಸೀರೆ. ಹಳೆಯದಲ್ಲ, ನಾನಿನ್ನೂ ಉಡುತ್ತಿದ್ದ ಸೀರೆ. ರಜೆಯ ದಿನ ಎರಡನ್ನೂ ತೆಗೆದು, ಗಾಡಿಯನ್ನು ಒರೆಸಿ, ಚೌಕದವರೆಗೆ ಹೋಗಿ ಚಹಾ ಕುಡಿದು ಬಂದು ಮತ್ತೆ ಹೊದಿಸಿ ಮಲಗಿಸುತ್ತಾರೆ. ಲಗ್ನವಾದ ಹೊಸದರಲ್ಲೂ ನನ್ನನ್ನು ಇಷ್ಟು ನಾಜೂಕಾಗಿ ನೋಡಿಕೊಂಡವರಲ್ಲ.

ನನ್ನದು ಮದುಮಗಳನ್ನು ಸಿಂಗರಿಸುವ ಕೆಲಸ. ಮನೆಯ ಮುಂದಿನ ಕೋಣೆಯೇ ಪಾರ್ಲರ್. ಆದರೆ ಮದುವೆ ನಮ್ಮ ಕೋಣೆಗೆ ಬರುವುದಿಲ್ಲ, ನಾನೇ ಮದುವೆಗೆ ಹೋಗಬೇಕು. ಚಿತ್ತಾಪುರ, ಸೇಡಂ, ದಂಡೋತಿ, ಎಲ್ಲಿ ಕರೆದರೆ ಅಲ್ಲಿ. ಎಲ್ಲರೂ ಹೇಳುವುದು ಒಂದೇ ಮಾತು: "ಗಾಡಿ ಕಳಸ್ತೀವ್ರಿ ಅಕ್ಕೋರ." ಕಳಿಸುತ್ತಾರೆ, ಸುಳ್ಳಲ್ಲ. ಆದರೆ ಆ ಟೆಂಪೊ ಮೊದಲು ಬಾಜಾದವರನ್ನು ಹತ್ತಿಸಿಕೊಂಡು, ಆಮೇಲೆ ಅಡಿಗೆಯ ಹಂಡೆಗಳನ್ನು ಹೇರಿಕೊಂಡು, ಕೊನೆಗೆ ಜಾಗ ಉಳಿದರೆ ನನ್ನ ಹತ್ತಿರ ಬರುತ್ತದೆ. ಚಿಂಚೋಳಿ ಆಚೆ ಕುಂಚಾವರಂ ಕಡೆಯ ಒಂದು ಮದುವೆಗೆ ನಾನು ಎರಡು ಹಂಡೆಗಳ ನಡುವೆ ಕೂತು ಹೋದೆ. ಹೋಗಿ ಮುಟ್ಟುವಷ್ಟರಲ್ಲಿ ಮುಹೂರ್ತ ಬಂದುಬಿಟ್ಟಿತ್ತು. ಮದುಮಗಳು ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿಕೊಂಡು ಮಂಟಪಕ್ಕೆ ನಡೆದಳು. ಅವಳ ಅವ್ವ ನನಗೆ ತೆಲುಗಿನಲ್ಲಿ ಬೈದದ್ದರಲ್ಲಿ ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧವೇ ಸಾಕಾಗಿತ್ತು. ಆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿ, ನನ್ನನ್ನು ಕರೆಯುವವರು ಕಡಿಮೆಯಾದರು.

ನಮ್ಮವರು ಕರೆದುಕೊಂಡು ಹೋದರೆ ಅದು ಇನ್ನೊಂದು ಪೀಡೆ. ಮದುವೆ ಮನೆಯಲ್ಲಿ ಅವರಿಗೆ ಬೀಗರ ಮರ್ಯಾದೆ. ಉಪ್ಪಿಟ್ಟು ತಿಂದು ಬಂದು ಬಾಗಿಲಲ್ಲಿ ನಿಂತು "ಆತೇನು?" ಅನ್ನುವರು. ಚಹಾ ಕುಡಿದು ಬಂದು "ಇನ್ನಾ ಆಗಿಲ್ಲೇನು?" ಅನ್ನುವರು. ಒಮ್ಮೆ ಮದುಮಗಳ ಎದುರಿಗೇ, "ಗ್ವಾಡಿಗಿ ಸುಣ್ಣ ಬಳಿಲಾಕ ಇಷ್ಟ ಹೊತ್ತ ಹಿಡ್ಯಂಗಿಲ್ಲ," ಅಂದರು. ಆ ಹುಡುಗಿ ಅಳತೊಡಗಿ, ನಾನು ಮತ್ತೆ ಮೊದಲಿನಿಂದ ಬಳಿಯಬೇಕಾಯಿತು.

ಅದಕ್ಕೇ ಒಂದು ದಿನ ಕೇಳಿದೆ, "ರೀ, ನಂಗ ಗಾಡಿ ಕಲಿಸ್ರಿ."

ನಕ್ಕರು. ಅಂಗಳಕ್ಕೆ ಕರೆದುಕೊಂಡು ಹೋಗಿ, ಸೀರೆ ತೆಗೆದು, ಕವರು ತೆಗೆದು, "ಈ ಕ್ಲಚ್ ಹಿಡಿ ನೋಡಮು," ಅಂದರು. ಹಿಡಿದೆ. ಅರ್ಧ ಬಂದು ನಿಂತಿತು. ಎರಡು ಕೈ ಹಾಕಿದರೂ ಬರಲೊಲ್ಲದು. "ಗೇರಿನ ಗಾಡಿ ಇದು. ಇದಕ್ಕ ಗಂಡಸಿನ ಕೈ ಬೇಕು," ಅಂದು ಕವರು ಹಾಕಿದರು, ಸೀರೆ ಹೊದಿಸಿದರು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅತ್ತೆಯೂ ಬೊಚ್ಚು ಬಾಯಿ ತೆರೆದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಿಸ್ತ್ರಿಯ ಮಗಳ ನಿಕಾಹಕ್ಕೆ ಸಿಂಗಾರ ಮಾಡಿದವಳು ನಾನೇ. ಆ ಸಲುಗೆಯಿಂದ ನಮ್ಮವರು ಶಿಫ್ಟಿಗೆ ಹೋದ ಮೇಲೆ ಗಾಡಿಯನ್ನು ತಳ್ಳಿಕೊಂಡು ಅವರ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಚಾಚಾ ಮಾತಿನಲ್ಲಿ ಭಾರಿ. ಅವರು ಬಿಚ್ಚದ ಇಂಜಿನ್ ಈ ಭೂಮಿಯ ಮೇಲೆ ಇಲ್ಲ. ವಾಡಿ ಸ್ಟೇಶನ್ನಿನ ರೈಲ್ವೆಯವರು ಕರೆದಿಲ್ಲ, ಅದು ರೈಲ್ವೆಯವರ ನಸೀಬು.

"ಒಳಗ ಪ್ಲೇಟ್ ಇರ್ತಾವ ಬೇಟಿ, ರೊಟ್ಟಿ ಪೇರಿಸಿ ಇಟ್ಟಂಗ," ಅಂದರು. "ಅವುನ್ನ ನಾಲ್ಕು ಸ್ಪ್ರಿಂಗ್ ಅಮುಕಿ ಹಿಡಿತಾವ. ಅಮುಕಿ ಹಿಡಿದ್ರ ಇಂಜಿನಿನ ತಾಕತ್ತು ಗಾಲಿಗಿ ಹೋಗ್ತದ. ನೀ ಕ್ಲಚ್ ಎಳದಾಗ ಸ್ಪ್ರಿಂಗ್ ಹಿಂದ ಸರೀತಾವ, ಪ್ಲೇಟ್ ಸಡ್ಲ ಆಗ್ತಾವ. ನಿನ್ನ ಕೈ ಕುಸ್ತಿ ಹಿಡ್ಯಾದು ಆ ನಾಲ್ಕರ ಕೂಡ."

"ನಾಲ್ಕರ ಕೂಡ ನಾ ಗೆಲ್ಲಂಗಿಲ್ಲ ಚಾಚಾ."

"ಎರಡರ ಕೂಡ ಗೆಲ್ತಿ."

ಇಂಜಿನ್ನಿನ ಬಲಮಗ್ಗುಲಿನ ಕವರು ಬಿಚ್ಚಿ, ಎದುರುಬದುರಿನ ಎರಡು ಸ್ಪ್ರಿಂಗು ತೆಗೆದು ಮತ್ತೆ ಮುಚ್ಚಿದರು. ಕ್ಲಚ್ ಹಿಡಿದು ನೋಡಿದೆ. ಅಯ್ಯಯ್ಯ, ಬೆಣ್ಣೆ! "ಕಲಿಯೂತನಕ ಅಷ್ಟೇ ಈ ಆಟ," ಅಂದರು ಚಾಚಾ. "ಭಾರ ಹಾಕಬ್ಯಾಡ. ಭಾರ ಬಿತ್ತಂದ್ರ ಎರಡು ಸ್ಪ್ರಿಂಗ್ ಪ್ಲೇಟ್ ಹಿಡ್ಯಂಗಿಲ್ಲ. ಜಾರ್ತಾವ, ಜಾರಿ ಜಾರಿ ಸುಡ್ತಾವ." ತೆಗೆದ ಸ್ಪ್ರಿಂಗುಗಳನ್ನು ಚಿಂದಿಯಲ್ಲಿ ಸುತ್ತಿ ಕೊಟ್ಟರು. ನಾನು ಅವನ್ನು ಮೇಕಪ್ ಪೆಟ್ಟಿಗೆಯ ತಳದಲ್ಲಿ, ಹೇರ್‌ಪಿನ್ನುಗಳ ಡಬ್ಬಿಯ ಕೆಳಗೆ ಇಟ್ಟೆ.

ಊರಾಚೆ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಇದೆ. ಲಾರಿ ಓಡಾಡಿ ಹರವಾದ ರಸ್ತೆ, ಈಗ ಕುರಿ ಬಿಟ್ಟರೆ ಯಾರೂ ಇಲ್ಲ. ಅಲ್ಲಿ ಕಲಿತೆ. ಬಿದ್ದೆ, ಎದ್ದೆ, ಗಾಡಿಗೆ ಬೈದೆ, ಮತ್ತೆ ಬಿದ್ದೆ. ಒಂದು ದಿನ ಮೊಣಕೈ ತರಚಿಕೊಂಡು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದಾರೆ. ಮಧ್ಯಾಹ್ನ ಮಲಗುವವರು ಅಂದು ಮಲಗಿರಲಿಲ್ಲ. ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಇದು ಸನ್ನತಿ ತನಕ ಹೋಗ್ತದೇನು?" ಅಂದರು ಅತ್ತೆ.

ಸನ್ನತಿಯ ಚಂದ್ರಲಾಂಬೆ ಅವರ ಮನೆದೇವರು. ಕರೆದುಕೊಂಡು ಹೋಗು ಅಂತ ಮಗನಿಗೆ ಹೇಳಿ ಹೇಳಿ ಅವರ ಬಾಯಿ ಒಣಗಿತ್ತು. ಮಗನ ಉತ್ತರ ಯಾವಾಗಲೂ "ಮುಂದಿನ ಹುಣ್ಣಿವಿಗಿ." ಆ ಹುಣ್ಣಿಮೆಗೆ ಅತ್ತೆ ನನ್ನ ಹಿಂದೆ ಕೂತು, ತೆಂಗಿನಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ "ಸಾವಕಾಶ, ಸಾವಕಾಶ" ಅನ್ನುತ್ತ, ಸಾವಕಾಶ ಹೋದರೆ "ಜಲ್ದಿ ನಡಿ, ಗುಡಿ ಬಾಗಿಲ ಹಾಕ್ತಾರ" ಅನ್ನುತ್ತ ಸನ್ನತಿ ಮುಟ್ಟಿದರು. ಅತ್ತೆ ಒಣಗಿದ ತೊಗರಿಕಟ್ಟಿಗೆಯಷ್ಟು ಹಗುರ. ಕ್ಲಚ್ಚಿಗೆ ಅವರು ಕೂತದ್ದೇ ಗೊತ್ತಾಗಲಿಲ್ಲ. ದಾರಿಯಲ್ಲಿ ಸ್ಪ್ರಿಂಗಿನ ಸಂಗತಿಯನ್ನೂ ಅವರಿಗೆ ಹೇಳಿಬಿಟ್ಟೆ. ಅಲ್ಲಿಂದ ಮುಂದೆ ನನ್ನ ಗುಟ್ಟಿಗೆ ಅವರೇ ಕಾವಲು. ಹತ್ತಿರದ ಊರುಗಳ ಮದುವೆಗೆ ನಾನೇ ಗಾಡಿ ತೆಗೆದುಕೊಂಡು ಹೋಗತೊಡಗಿದೆ. ನಮ್ಮವರು ಕೇಳಿದರೆ "ಮದವಿ ಮನಿಯವರೇ ಗಾಡಿ ಕಳಿಸಿದ್ರು" ಅಂತ ಅತ್ತೆ ಹೇಳುತ್ತಿದ್ದರು. ಕರೆಯುವವರು ಮತ್ತೆ ಹೆಚ್ಚಾದರು. ಮದುಮಕ್ಕಳೆಲ್ಲ ಎರಡೂ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಮಂಟಪಕ್ಕೆ ಹೋದರು.

ನಮ್ಮವರಿಗೆ ಕ್ಲಚ್ ಹಗುರಾದದ್ದು ಗೊತ್ತಾಗಲಿಲ್ಲವೇ ಅಂತ ನೀವು ಕೇಳಬಹುದು. ಗೊತ್ತಾಯಿತು. ರಜೆಯ ದಿನ ಚೌಕಕ್ಕೆ ಹೋಗಿ ಬಂದು, "ಗಾಡಿ ಹ್ಯಾಂಗ ಇಟ್ಟೀನಿ ನೋಡು, ಬರಬರತ ಮೆತ್ತಗಾಗಲಾಕತ್ತದ," ಅಂತ ಹೆಮ್ಮೆಪಟ್ಟರು. ನಾನು ಹೌದ್ರಿ ಅಂದೆ.

ಎಲ್ಲ ಕೆಟ್ಟದ್ದು ಒಂದು ಫರ್ಶಿಯಿಂದ. ಬಟ್ಟೆ ಒಗೆಯುವ ಕಲ್ಲು ಒಡೆದಿತ್ತು. ಹೊಸದು ತರುತ್ತೇನೆಂದು ನಮ್ಮವರು ಶಹಾಬಾದಿಗೆ ಹೋದರು. ಅಲ್ಲಿ ಕಾಲಿಟ್ಟಲ್ಲೆಲ್ಲ ಹಾಸುಗಲ್ಲು, ಫರ್ಶಿ. ನಮ್ಮ ಕಡೆ ಗಂಡಸರಿಗೆ ಮೋಟರ್‌ಸೈಕಲ್ಲು ಅಂದರೆ ಎರಡು ಗಾಲಿಯ ಲಾರಿ. ಫರ್ಶಿಯನ್ನು ಹಿಂದಿನ ಸೀಟಿಗೆ ಹಳೆಯ ಟ್ಯೂಬಿನಿಂದ ಬಿಗಿದು, ಅದರ ಮುಂದೆ ತಮ್ಮ ಹೊಟ್ಟೆಯ ಸಮೇತ ಕೂತು ಹೊರಟರು. ಫರ್ಶಿ ಭಾರವೋ ಹೊಟ್ಟೆ ಭಾರವೋ ಹೇಳುವುದು ಕಷ್ಟ. ದಾರಿಯ ಏರಿನಲ್ಲಿ ಇಂಜಿನ್ ಕಿರುಚಾಡಿತಂತೆ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಎಕ್ಸಲೇಟರ್ ತಿರುವಿದಷ್ಟೂ ಸದ್ದು ಏರುತ್ತದೆ, ಓಟ ಏರುವುದಿಲ್ಲ. ಒಂದು ಎತ್ತಿನ ಬಂಡಿ ಅವರನ್ನು ಹಿಂದೆ ಹಾಕಿ ಹೋಯಿತು. ಬಂಡಿಯವನು ತಿರುಗಿ ನೋಡಿ ನಕ್ಕದ್ದು ಅವರ ಮನಸ್ಸಿಗೆ ಭಾಳ ಹತ್ತಿತ್ತು.

"ಕ್ಲಚ್ ಜಾರಾಕತ್ತದ," ಅಂದರು ಮನೆಗೆ ಬಂದವರೇ. ಒಳಗೆ ನಾನು ರೊಟ್ಟಿಯನ್ನು ಇನ್ನೂ ಜೋರಾಗಿ ತಟ್ಟತೊಡಗಿದೆ.

ಅಂದಿನಿಂದ ನಮ್ಮ ಅಂಗಳ ದವಾಖಾನೆಯಾಯಿತು. ಮೊದಲು ವಾಯರ್. ಕ್ಲಚ್ ವಾಯರ್ ಬಿಗಿಯಾಗಿದ್ದರೆ ಪ್ಲೇಟುಗಳು ಸದಾ ಅರ್ಧ ಸಡಿಲಾಗಿ ಜಾರುತ್ತವೆ. ಹಿಡಿಕೆಯನ್ನು ಎಳೆಯುವ ಮುಂಚೆ ತುಸು ಆಟ ಇರಬೇಕು. ಇದು ಸರಿಯಾದ ಮಾತೇ. ಆದರೆ ಇವರು ತುಸು ಸಡಿಲ ಮಾಡಲಿಲ್ಲ, ಪೂರಾ ಸಡಿಲ ಮಾಡಿದರು. ಈಗ ಗೇರು ಹಾಕಿದರೆ ಗಾಡಿಯೊಳಗೆ ಕಲ್ಲು ಅರೆದ ಸದ್ದು. ಆಮೇಲೆ ಎಣ್ಣೆ. ಸೇಡಂದಲ್ಲಿ ಟ್ರ್ಯಾಕ್ಟರ್ ಇಟ್ಟ ಅವರ ಗೆಳೆಯ ಫೋನಿನಲ್ಲಿ, "ಟ್ರ್ಯಾಕ್ಟರಿನ ಎಣ್ಣಿ ಹಾಕಲೇ, ಆನಿ ಎಳದಂಗ ಎಳಿತದ," ಅಂದ. ಹಾಕಿದರು. ಮತ್ತಷ್ಟು ಜಾರಿತು. ಶಿಫ್ಟಿನ ಸಂಗಡಿಗರು ಚೈನ್ ಅಂದರು, ಚೈನ್ ಬಿಗಿದರು. ಧೂಳು ಅಂದರು, ಫಿಲ್ಟರ್ ಒಗೆದು ನಾನು ಹಪ್ಪಳ ಒಣ ಹಾಕಿದಲ್ಲೇ ಒಣ ಹಾಕಿದರು. ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತೆ. ನಮ್ಮವರು ಅಂಗಳವನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ಡೊಂಕು ಅಂದರು.

ಅವರು ಇಂಜಿನ್ ಕವರಿನ ನಟ್ಟಿಗೆ ಪಾನಾ ಹಚ್ಚಿದ ದಿನ ಅತ್ತೆ ಕಟ್ಟೆಯಿಂದ ಎದ್ದರು. "ದೃಷ್ಟಿ ಆಗ್ಯದ ತಮ್ಮಾ. ಫರ್ಶಿ ತರೂದು ಮಂದಿ ನೋಡಿಲ್ಲೇನು?" ಅಂದವರೇ ಉಪ್ಪು ಮೆಣಸಿನಕಾಯಿ ಇಳಿತೆಗೆದು ಬೆಂಕಿಗೆ ಹಾಕಿದರು. ಘಾಟಿಗೆ ನಮ್ಮವರು ಕೆಮ್ಮಿ ಕೆಮ್ಮಿ ಪಾನಾ ಬಿಟ್ಟು ಓಡಿದರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ಒಂದು ಕಣ್ಣು ಹೊಡೆದರು.

ನಾನೂ ನಕ್ಕೆ. ಆದರೆ ಒಳಗೆ ಹೆದರಿಕೆ ಇತ್ತು. ಕವರು ಬಿಚ್ಚಿದ ದಿನ ಸ್ಪ್ರಿಂಗು ಗಾಡಿಯ ಒಳಗೆ, ನಾನು ಗಾಡಿಯ ಹೊರಗೆ. ನಾಲ್ಕು ಸ್ಪ್ರಿಂಗಿನ ಕ್ಲಚ್ ನನ್ನ ಕೈಗೆ ಬಗ್ಗುವುದಿಲ್ಲ, ಅದನ್ನು ಎರಡು ಕೈ ಹಾಕಿ ನೋಡಿದ್ದೆನಲ್ಲ. ಆಮೇಲೆ ಮತ್ತೆ ಟೆಂಪೊ, ಮತ್ತೆ ಹಂಡೆ, ಮತ್ತೆ ಒಂದು ಕಣ್ಣಿನ ಮದುಮಗಳು. ಖರೇ ಹೇಳುತ್ತೇನೆ, ಅಡಿಗೆಮನೆಯಲ್ಲಿ ಕೂತು ಕಣ್ಣೀರೂ ಹಾಕಿದೆ.

ಅದೇ ವಾರ ದಂಡೋತಿ ಕಡೆಯ ಮದುವೆ ಇತ್ತು. ಕಾಗಿಣಾ ಸೇತುವೆ ದಾಟಿ, ಏರು ಹತ್ತಿದ ಮೇಲೆ ಸಿಗುವ ಊರು. ದೊಡ್ಡ ಮನೆತನ. ಹುಡುಗಿಯ ಅವ್ವ ಮೊದಲೇ ಹೇಳಿದ್ದರು, "ನಿಮ್ಮ ಒಕ್ಕಣ್ಣಿನ ಫೋಟೊ ನಾವೂ ನೋಡೀವ್ರಿ. ಹೊತ್ತಿಗಿ ಬರ್ತಿದ್ರ ಹೇಳ್ರಿ, ಇಲ್ಲಂದ್ರ ಕಲಬುರಗಿಯಿಂದ ಕರಸ್ತೀವಿ." ಹೊತ್ತಿಗೆ ಬರುತ್ತೇನೆ, ನನ್ನ ಗಾಡಿಯ ಮೇಲೆ ಬರುತ್ತೇನೆ ಅಂದಿದ್ದೆ. ನಮ್ಮವರಿಗೆ ಅಂದು ಬೆಳಗಿನ ಶಿಫ್ಟು, ಹಾದಿ ಸಲೀಸು. ಆದರೆ ಹಿಂದಿನ ಸಂಜೆ ಅವರು ನಗುತ್ತ ಬಂದರು.

"ನಿನ್ನ ಸಲುವಾಗಿ ಶಿಫ್ಟು ಬದಲಿಸೀನಿ. ಟೆಂಪೊ ಕಾಯಬ್ಯಾಡ. ನಾನೇ ಬಿಡ್ತೀನಿ."

"ಗಾಡಿ ಜಾರ್ತದಲ್ರಿ."

"ನಾ ಇದ್ದೀನಲ್ಲ."

ಅವರು ಇರುವುದೇ ಕಷ್ಟ ಅಂತ ಹೇಗೆ ಹೇಳಲಿ? ಪ್ರೀತಿಯಿಂದ ಮಾಡಿದ ಕೆಲಸ, ಬೈಯುವ ಹಾಗೂ ಇಲ್ಲ.

ಚಿತ್ತಾಪುರದ ತನಕ ರಸ್ತೆ ಸಪಾಟು. ಗಾಡಿ ಗೊಣಗುತ್ತ ಹೋಯಿತು. ನಾನು ಹಿಂದೆ, ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ತಳದಲ್ಲಿ ಆ ಎರಡು ಸ್ಪ್ರಿಂಗು. ಚಿತ್ತಾಪುರ ದಾಟುತ್ತಲೇ ಇಂಜಿನ್ನಿನಿಂದ ಸುಟ್ಟ ವಾಸನೆ ಬಂತು. "ಯಾರೋ ಹೊಲದಾಗ ಟೈರ್ ಸುಡಾಕತ್ತಾರ," ಅಂದರು ನಮ್ಮವರು. ಸೇತುವೆ ದಾಟಿ ಏರು ಶುರುವಾದದ್ದೇ ತಡ, ಇಂಜಿನ್ ಬಾಯಿ ಬಡಿದುಕೊಂಡಿತು. ಗೇರು ಇಳಿಸಿದರು. ಮತ್ತೆ ಇಳಿಸಿದರು. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ನಮ್ಮವರು ಎಕ್ಸಲೇಟರನ್ನು ಪೂರ್ತಿ ತಿರುವಿ, ಎರಡೂ ಕಾಲಿನಿಂದ ನೆಲ ಒದೆಯುತ್ತ ದೋಣಿಯವನ ಹಾಗೆ ಹುಟ್ಟು ಹಾಕುತ್ತಿದ್ದಾರೆ. ಗಾಡಿ ನಿಂತಲ್ಲೇ ನಿಂತಿದೆ. ಬಸ್ಸು ಪಕ್ಕದಿಂದ ಹೋಗುವಾಗ ಕಿಟಕಿ ಕಿಟಕಿಯಲ್ಲೂ ಒಂದೊಂದು ಮುಖ.

ನಾನು ಇಳಿದೆ. ಮೇಲಿನ ಊರಿನಿಂದ ಬಾಜಾ ಕೇಳುತ್ತಿತ್ತು. ಮದುಮಗಳಿಗೆ ಸುರಗಿಯ ನೀರು ಹಾಕುವುದು ಮುಗಿದು, ಹಸಿ ಕೂದಲು ಹರಡಿಕೊಂಡು ಹುಡುಗಿ ನನ್ನ ದಾರಿ ಕಾಯುತ್ತಿರುತ್ತಾಳೆ. ಇವರು ಪಾನಾ ತೆಗೆದರು, ಫೋನ್ ತೆಗೆದರು. "ತಡಿ, ಸೇಡಂದವಗ ಕೇಳ್ತೀನಿ," ಅಂದರು.

"ಇಳೀರಿ," ಅಂದೆ.

"ಆಂ?"

"ಗಾಡಿ ಬಿಟ್ಟು ಇಳೀರಿ ಅಂದೆ."

ನನ್ನ ದನಿ ನನಗೇ ಹೊಸದು. ಅವರು ಇಳಿದರು. ಓಢಣಿಯನ್ನು ನಡುವಿಗೆ ಬಿಗಿದು, ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿ ಹತ್ತಿದೆ. ಕ್ಲಚ್ ಎಳೆದು, ಗೇರು ಹಾಕಿ, ಎಕ್ಸಲೇಟರನ್ನು ಹೆಚ್ಚು ತಿರುವದೆ, ಹಸುಗೂಸನ್ನು ಎತ್ತಿದಂತೆ ಮೆಲ್ಲಗೆ ಕ್ಲಚ್ ಬಿಡುತ್ತ ಗಾಡಿ ಎತ್ತಿದೆ. ಹೋಯಿತು. ಕುಂಟುತ್ತ ಗೊಣಗುತ್ತ ಏರು ಹತ್ತಿತು. ಕನ್ನಡಿಯಲ್ಲಿ ನಮ್ಮವರು ಕಂಡರು. ಒಂದು ಕೈಯಲ್ಲಿ ಪಾನಾ, ಒಂದು ಕೈಯಲ್ಲಿ ಫೋನ್. ಫೋನಿನಲ್ಲಿ ಸೇಡಂದವನು ಹಲೋ ಹಲೋ ಅನ್ನುತ್ತಿದ್ದಿರಬೇಕು.

ಹುಡುಗಿಯ ಸೆರಗಿಗೆ ಪಿನ್ನು ಹಾಕುತ್ತಿದ್ದಾಗ ಅವರು ಬಾಗಿಲಿಗೆ ಬಂದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಅಂಗಳದಲ್ಲಿ ಯಾರೋ "ಯಾರ ಗಾಡ್ರಿ ಇದು, ಅಡ್ಡ ನಿಂತದ?" ಅಂದದ್ದಕ್ಕೆ ಇನ್ಯಾರೋ "ಮೇಕಪ್ ಅಕ್ಕೋರದು," ಅಂದರು. ಅದನ್ನು ಅವರು ಕೇಳಿಸಿಕೊಂಡರು. ನಾನು ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವರ "ಆತೇನು?" ಬರಲಿ ಅಂತ ಕಾಯ್ದೆ. ಬರಲಿಲ್ಲ.

"ಕೀಲಿ ಗಾಡಿಯಾಗ ಬಿಟ್ಟು ಬಂದೀದಿ," ಅಂದು ಕೀಲಿಯನ್ನು ಪೆಟ್ಟಿಗೆಯ ಮೇಲಿಟ್ಟು ಹೋದರು.

ಅಕ್ಕಿಕಾಳು ಬೀಳುವ ಹೊತ್ತಿಗೆ ಹುಡುಗಿ ಮಂಟಪದಲ್ಲಿದ್ದಳು, ಎರಡೂ ಕಣ್ಣಿಗೆ ಕಾಡಿಗೆ ಇತ್ತು, ಅವಳ ಅವ್ವನಿಗೆ ಬೈಯಲು ಏನೂ ಸಿಗಲಿಲ್ಲ. ನಮ್ಮವರು ಊಟದ ಪಂಕ್ತಿಯಲ್ಲಿ ಎರಡನೆಯ ಸಲ ಹುಗ್ಗಿ ಹಾಕಿಸಿಕೊಳ್ಳಲಿಲ್ಲ. ಆಗ ನನಗೆ ಖರೇ ಹೆದರಿಕೆಯಾಯಿತು.

ಮರಳುವಾಗ ಗಾಡಿ ಇಬ್ಬರನ್ನು ಹೊರುವ ಸ್ಥಿತಿಯಲ್ಲಿರಲಿಲ್ಲ. ಅವರೊಬ್ಬರೇ ಹತ್ತಿ ನೋಡಿದರು, ಅವರೊಬ್ಬರನ್ನೂ ಹೊರಲಿಲ್ಲ. ಇಳಿದು ಟಂಟಂ ಆಟೊ ಹಿಡಿದರು. ನಾನು ಗಾಡಿಯನ್ನು ಸಾವಕಾಶ ವಾಡಿಗೆ ತಂದೆ. ಮಿಸ್ತ್ರಿಯ ಗ್ಯಾರೇಜಿಗೆ ಹೋಗಿ ನೋಡಿದರೆ ನಮ್ಮವರು ಆಗಲೇ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

"ಬಿಚ್ಚರಿ," ಅಂದರು ಚಾಚಾನಿಗೆ.

ಎಣ್ಣೆ ಇಳಿಸಿದರು, ಕರ್ರಗೆ ಬಂತು. ಕವರು ತೆಗೆದರು. ಚಾಚಾ ಬೆನ್ನನ್ನು ಅಡ್ಡ ಇಟ್ಟುಕೊಂಡು, "ಪ್ಲೇಟ್ ಸುಟ್ಟಾವ, ಬಿಲ್ಕುಲ್ ಸುಟ್ಟಾವ, ನೀವು ಚಹಾ ಕುಡದು ಬರ್ರಿ, ಅಷ್ಟರಾಗ..." ಅಂತ ರಾಗ ಎಳೆಯುತ್ತಿದ್ದರು. ನಮ್ಮವರು ಅವರನ್ನು ಸರಿಸಿ ಬಗ್ಗಿದರು.

"ಗೂಟ ನಾಲ್ಕು ಅದಾವ. ಸ್ಪ್ರಿಂಗ್ ಎರಡೇ ಅದಾವ."

"ಕೆಲವು ಗಾಡಿಗಿ ಎರಡೇ ಬರ್ತಾವ," ಅಂದರು ಚಾಚಾ, ಮುಖ ಒಂಚೂರೂ ಅಲುಗಿಸದೆ.

ನನಗೆ ಸಾಕಾಗಿತ್ತು. ಪೆಟ್ಟಿಗೆ ತೆಗೆದು, ಹೇರ್‌ಪಿನ್ನಿನ ಡಬ್ಬಿ ಎತ್ತಿ, ಚಿಂದಿ ಬಿಚ್ಚಿ, ಎರಡೂ ಸ್ಪ್ರಿಂಗನ್ನು ನೆಲದ ಫರ್ಶಿಯ ಮೇಲೆ ಟಣ್ ಅಂತ ಇಟ್ಟೆ. "ಇಲ್ಲಿ ಅದಾವ. ನಾನೇ ತೆಗಸೀನಿ. ನಾಲ್ಕಿದ್ರ ನಂಗ ಕ್ಲಚ್ ಹಿಡ್ಯಾಕ ಬರ್ತಿದ್ದಿಲ್ಲ."

ಅವರು ಸ್ಪ್ರಿಂಗನ್ನು ನೋಡಿದರು, ನನ್ನನ್ನು ನೋಡಿದರು. "ನಾ ಎಣ್ಣಿ ಬದಲಿಸ್ದೆ. ವಾಯರ್ ಬಿಚ್ಚಿದೆ. ಫಿಲ್ಟರ್ ಒಗದೆ. ನಮ್ಮವ್ವ ಆ ಮೆಣಸಿನಕಾಯಿ ಸುಟ್ಟು ನನ್ನ ಕಣ್ಣು..."

"ಅವರಿಗೂ ಗೊತ್ತಿತ್ತು."

"ನಮ್ಮವ್ವಗ?"

"ಸನ್ನತಿಗಿ ಯಾರ ಹಿಂದ ಕುಂತು ಹೋಗಿದ್ರು ಅನ್ಕೊಂಡ್ರಿ?"

ಅದು ತಾಗಿತು. ಗಾಡಿ ಬಿಚ್ಚಿಸಿದ್ದಕ್ಕಿಂತ ಹೆಚ್ಚು ತಾಗಿತು. "ನಾ ಕರಕೊಂಡು ಹೋಗಾಂವ ಇದ್ದೆ," ಅಂದರು ಸಣ್ಣ ದನಿಯಲ್ಲಿ.

"ಯಾವ ಹುಣ್ಣಿವಿಗಿ?"

ಅವರು ಚಾಚಾನ ಮುಖ ನೋಡಿದರು, ಚಾಚಾ ಎಣ್ಣೆಯ ಡಬ್ಬಿ ನೋಡಿದರು. ಆಮೇಲೆ ನಮ್ಮವರು, "ಹೊಸ ಪ್ಲೇಟ್ ಹಾಕ್ರಿ. ಸ್ಪ್ರಿಂಗ್ ನಾಲ್ಕೂ ಹಾಕ್ರಿ," ಅಂದರು.

ಕೂಗಾಡಿ ಜಗಳ ತೆಗೆದಿದ್ದರೆ ನಾನೂ ಕೂಗಾಡುತ್ತಿದ್ದೆ. ಇದಕ್ಕೆ ಏನೆನ್ನಲಿ? ಹಾಕದಿದ್ದರೆ ಹೊಸ ಪ್ಲೇಟೂ ಸುಡುತ್ತವೆ, ಅದು ನನಗೂ ಗೊತ್ತು. ಒಂದು ಮೂಲೆಯಲ್ಲಿ ಕೂತು ಸಿಟ್ಟನ್ನು ನುಂಗಿದೆ. ಚಾಚಾ ಹೊಸ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಯಿಟ್ಟರು; ಒಣ ಪ್ಲೇಟು ಹಾಕಿದರೆ ಅವು ಮೊದಲ ದಿನವೇ ಸುಟ್ಟುಕೊಳ್ಳುತ್ತವಂತೆ. ಒಂದೊಂದಾಗಿ ಪೇರಿಸಿದರು. ನಾಲ್ಕು ಗೂಟಕ್ಕೆ ನಾಲ್ಕು ಸ್ಪ್ರಿಂಗು. ಕವರು ಮುಚ್ಚಿ, ಗಾಡಿಗೆ ತಕ್ಕ ಎಣ್ಣೆ ಹಾಕಿ, ಹೊಸ ವಾಯರಿನ ಒಳಗೆ ಎಣ್ಣೆ ಇಳಿಬಿಟ್ಟು ಕಟ್ಟಿದರು.

"ಹಿಡಿ ನೋಡಮು," ಅಂದರು ನಮ್ಮವರು. ಅಂದು ಅಂಗಳದಲ್ಲಿ ಅಂದ ಅದೇ ಮಾತು. ಈ ಸಲ ನಗು ಇರಲಿಲ್ಲ.

ಎದ್ದು ಹೋಗಿ ಹಿಡಿದೆ. ಬಿಗಿ ಇತ್ತು. ಅರ್ಧಕ್ಕೆ ಬಂತು. ಇಲ್ಲೇ ನಿಲ್ಲುತ್ತದೆ ನೋಡು ಅಂದುಕೊಂಡೆ. ಹಲ್ಲು ಕಚ್ಚಿ ಎಳೆದೆ. ನಿಲ್ಲಲಿಲ್ಲ. ಪೂರಾ ಬಂದು ಹಿಡಿಗೆ ತಾಗಿತು. ಬಿಟ್ಟು ಮತ್ತೆ ಎಳೆದೆ, ಮತ್ತೆ ಬಂತು. ಖಣಿಯ ರಸ್ತೆ, ಸನ್ನತಿ, ಅಷ್ಟೂ ಮದುವೆಗಳು ನನ್ನ ಕೈಗೆ ಏನು ಮಾಡಿವೆ ಅಂತ ನನಗೇ ಗೊತ್ತಿರಲಿಲ್ಲ.

"ಕಲಿಯೂತನಕ ಅಷ್ಟೇ ಅಂತ ನಾ ಹೇಳಿದ್ದಿಲ್ಲೇನು?" ಅಂತ ಚಾಚಾ ಕೂಡಲೇ ಎಲ್ಲ ಹೆಸರನ್ನೂ ತಮ್ಮ ಪಾಲಿಗೆ ತೆಗೆದುಕೊಂಡರು. ನಮ್ಮವರು ನನ್ನ ಎಡಗೈಯನ್ನು ತಿರುವಿ ನೋಡಿದರು. ಬೆರಳ ಬುಡದಲ್ಲಿ ಜಡ್ಡುಗಟ್ಟಿತ್ತು.

"ಬ್ಯಾನಿ ಆಗ್ತದೇನು?"

"ಆಗ್ತದ."

"ಹೂಂ," ಅಂದರು. ಮನೆಯ ತನಕ ಇಬ್ಬರೂ ಗಾಡಿ ತಳ್ಳಿಕೊಂಡೇ ಹೋದೆವು. ಯಾರು ಹತ್ತಬೇಕು ಅಂತ ಇಬ್ಬರಿಗೂ ತಿಳಿಯಲಿಲ್ಲ. ಕಟ್ಟೆಯ ಮೇಲಿದ್ದ ಅತ್ತೆ ಮಗನ ಮುಖ ನೋಡಿದವರೇ ಜಪಮಾಲೆ ಹಿಡಿದು ಕಣ್ಣು ಮುಚ್ಚಿದರು.

ಮುಂದೆ ಕೆಲವು ದಿನಕ್ಕೆ ದಂಡೋತಿಯ ಕಡೆಯಿಂದಲೇ ಮತ್ತೊಂದು ಮದುವೆಗೆ ಕರೆ ಬಂತು. ಅಂದು ನಮ್ಮವರಿಗೆ ರಜೆ. "ನಾನೂ ಬರ್ತೀನಿ, ಅವರ ಹುಗ್ಗಿ ಭಾಳ ಚಲೋ ಇತ್ತು," ಅಂದರು. ಬೆಳಿಗ್ಗೆ ಕವರು ತೆಗೆದರು, ಸೀರೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ಗಾಡಿಯ ಹತ್ತಿರ ನಿಂತು ಒಂದು ಗಳಿಗೆ ಹಿಡಿಕೆ ನೋಡಿದರು, ಸೀಟು ನೋಡಿದರು. ಆಮೇಲೆ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡರು.

ನಾನು ಮುಂದೆ ಕೂತೆ. ಅವರು ಹಿಂದೆ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. ಚೌಕದಲ್ಲಿ ಚಹಾ ಕುಡಿಯುತ್ತಿದ್ದ ಅವರ ಸಂಗಡಿಗರು ಲೋಟ ಹಿಡಿದುಕೊಂಡೇ ನಿಂತುಬಿಟ್ಟರು. ಇವರು ಆ ಕಡೆ ನೋಡಲಿಲ್ಲ. ಚಿತ್ತಾಪುರ ದಾಟಿತು, ಕಾಗಿಣಾ ಸೇತುವೆ ದಾಟಿತು. ಅದೇ ಏರು ಎದುರಿಗೆ ಬಂತು. ಇಂಜಿನ್ನಿನ ದನಿ ಭಾರವಾಯಿತು. ಹಿಂದಿನಿಂದ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇಳೀಲೇನು?"

ನಾನು ಕ್ಲಚ್ ಎಳೆದು ಒಂದು ಗೇರು ಇಳಿಸಿದೆ.

"ಸುಮ್ನ ಕುಂದರ್ರಿ," ಅಂದೆ.